ಕೂಲಿ ಪಡೆದ ಕೈ ಕೂಲಿ ಕೊಡುವಾಗ

(ಕಾರ್ಮಿಕರ ಅನ್ಯೋನ್ಯ ಕೂಟದಲ್ಲಿ ಮಾಡಿದ ಭಾಷಣ)



ಈ ಸಾಯಂಕಾಲ ನಾವು ಮಾತನಾಡಬೇಕೆಂದಿರುವುದು ಸಿಮೆಂಟು, ಜಲ್ಲಿ, ಬೇಲಿಕಂಬಗಳ ವಿಷಯ. ಕೂಟದಲ್ಲಿ ಇದೆಂಥ ಮಾತು ಎಂದು ಕೆಲವರಿಗೆ ಅನ್ನಿಸೀತು. ಆದರೆ ಗೂಡಲೂರು, ಪಂದಲೂರು, ವಯನಾಡಿನ ಕಡೆಯ ಯಾವ ಪಾಡಿಗೆ ಹೋದರೂ, ಕೆಲಸದಿಂದ ನಿಂತವರ ಮನೆಯಲ್ಲಿ ಕೇಳಿಬರುವ ಮಾತು ಇದೇ: "ಕಂಟ್ರಾಕ್ಟರು ದುಡ್ಡು ತೆಗೆದುಕೊಂಡು ಹೋದವರು ಬರಲಿಲ್ಲ."

ಪಾಡಿಯ ಮನೆ ನಮ್ಮದಲ್ಲ. ತೋಟದ ಕೂಲಿಗಾರನಿಗೆ ಮನೆ ಒದಗಿಸಿ, ಅದನ್ನು ಸರಿಯಾಗಿ ಇಡುವ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯಿದೆ ತೋಟದ ಆಡಳಿತದ ಮೇಲೆ ಹೊರಿಸಿತು. ಆದಕಾರಣ ಪಾಡಿಯ ಸೂರು ಸೋರಿದರೆ ನಾವು ಆಫೀಸಿಗೆ ಹೋಗಿ ಕೇಳುತ್ತೇವೆ. ಆದರೆ ಚೆಕ್‌ರೋಲಿನಿಂದ ಹೆಸರು ತೆಗೆದ ಮೇಲೆ ಆ ಮನೆಯನ್ನು ಬಿಡಬೇಕು. ಅಲ್ಲಿಂದ ಮುಂದೆ ನಮಗೆ ಉಳಿಯುವುದು ಹೇಗೋ ಮಾಡಿಕೊಂಡ ನಾಲ್ಕೈದು ಸೆಂಟು ಜಾಗ, ಮತ್ತು ಗ್ರಾಚ್ಯುಯಿಟಿ ಹಣ. ಒಂದು ವರ್ಷದ ದುಡಿಮೆಗೆ ಹದಿನೈದು ದಿನದ ಕೂಲಿ ಎಂಬುದು ಅದರ ಲೆಕ್ಕ. ಮೂವತ್ತು ವರ್ಷ ಸೊಪ್ಪು ಕೊಯ್ದವಳಿಗೆ 450 ದಿನಗಳ ಕೂಲಿ. ಆ ಹಣದಲ್ಲಿ 45 ದಿನದ ಕೂಲಿಯಷ್ಟು ಕೈಬಿಟ್ಟು ಹೋದರೆ, ಮೂರು ವರ್ಷದ ದುಡಿಮೆಯ ಗ್ರಾಚ್ಯುಯಿಟಿ ಹೋದಂತೆ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಕೇಳಬೇಕು.

ನಾವು ಮೂರು ಕುಟುಂಬದವರು ಒಂದೇ ಇಳಿಜಾರಿನಲ್ಲಿ ಪಟ್ಟಾ ಇರುವ ಜಾಗ ಕೊಂಡೆವು. ಮನೆಗೆ ಕಾಂಕ್ರೀಟು ನೆಲ, ಸುತ್ತಲೂ ಕಂಬ ನೆಟ್ಟು ಮುಳ್ಳುತಂತಿ ಬೇಲಿ, ಇಷ್ಟೇ ಕೆಲಸ. ಕಂಟ್ರಾಕ್ಟರು ನಮ್ಮ ಊರಿನವರೇ. ನಮ್ಮ ಮಕ್ಕಳ ಮದುವೆಗೆ ಬಂದು ಉಂಡವರು. ಅವರ ಹೆಸರು ಇಲ್ಲಿ ಬೇಡ. ಚಹಾದಂಗಡಿಯ ಬೆಂಚಿನ ಮೇಲೆ ಕೂತು "ಎಲ್ಲಾ ಸೇರಿ ಇಷ್ಟು" ಎಂದು ಮಾತಾಯಿತು. ಬರೆದುಕೊಳ್ಳೋಣ ಎಂದು ನಮ್ಮಲ್ಲಿ ಒಬ್ಬರು ಬಾಯಿ ತೆರೆದರು. "ನಮ್ಮ ನಮ್ಮೊಳಗೆ ಕಾಗದ ಯಾಕೆ?" ಎಂದು ನಾವೇ ಅವರನ್ನು ಸುಮ್ಮನಾಗಿಸಿದೆವು. ಅರ್ಧ ಹಣವನ್ನು ಮುಂಗಡವಾಗಿ ಕೊಟ್ಟೆವು.

ಕೆಲಸ ಶುರುವಾದದ್ದು ಮೇ ತಿಂಗಳ ಕೊನೆಗೆ. ಮರಳು ನೆನೆದಿತ್ತು. ಅಳತೆಯ ಡಬ್ಬಿ ಇರಲಿಲ್ಲ. ಬಾಂಡ್ಲಿಯಲ್ಲಿ ಕಣ್ಣಂದಾಜಿಗೆ ಹಾಕಿ ಕಲಸಿದರು. ಬೇಗ ಹರಡಲೆಂದು ನೀರು ಸುರಿದರು. ಎರಡು ದಿನ ಬಿಸಿಲು, ನೆಲಕ್ಕೆ ಒಂದು ಚೊಂಬು ನೀರು ಬೀಳಲಿಲ್ಲ. ಕಂಬದ ಗುಣಿ ಮೊಳದಷ್ಟೂ ಆಳವಿರಲಿಲ್ಲ. ಸುತ್ತ ಸಡಿಲ ಮಣ್ಣು ತುಂಬಿದರು. ಆಗಸ್ಟ್ ತಿಂಗಳಲ್ಲಿ ಕೆಳಗಿನ ಸಾಲಿನ ಕಂಬಗಳೆಲ್ಲಾ ಚರಂಡಿಯ ಕಡೆಗೆ ವಾಲಿ ನಿಂತವು. ನೆಲ ಗುಡಿಸಿದರೆ ಪೊರಕೆಗೆ ಸಿಮೆಂಟು ಪುಡಿ ಬರುತ್ತಿತ್ತು.

ಇದಕ್ಕಿಂತ ನಮ್ಮನ್ನು ಹೆಚ್ಚು ನೋಯಿಸಿದ ಸಂಗತಿ ಬೇರೊಂದು. ಒಂದು ಸಂಜೆ, ಜಲ್ಲಿ ಹೊತ್ತ ಇಬ್ಬರು ಹೆಂಗಸರು ನಮ್ಮ ಬಾಗಿಲಿಗೆ ಬಂದರು. ಆರು ದಿನದ ಕೂಲಿ ಅವರಿಗೆ ಬಂದಿರಲಿಲ್ಲ. ಕೇಳಿದರೆ, "ಮನೆಯವರು ಇನ್ನೂ ದುಡ್ಡು ಕೊಟ್ಟಿಲ್ಲ" ಎಂದು ಕಂಟ್ರಾಕ್ಟರು ಹೇಳಿದ್ದರಂತೆ. ಅವರಲ್ಲಿ ಒಬ್ಬಾಕೆ ಹಿಂದೆ ನಮ್ಮ ಫೀಲ್ಡಿನಲ್ಲೇ ಸೊಪ್ಪು ಕೊಯ್ದವಳು. "ಅಕ್ಕಾ, ನೀವೇ ಕೂಲಿ ನಿಲ್ಲಿಸಿದರೆ ನಾವು ಯಾರನ್ನು ಕೇಳುವುದು?" ಎಂದಳು.

ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಬಟವಾಡೆ ಒಂದು ದಿನ ತಡವಾದರೆ ಆಫೀಸಿನ ಮುಂದೆ ನಿಲ್ಲುವವರು ನಾವು. ಸೊಪ್ಪು ತೂಗುವಾಗ ತಕ್ಕಡಿಯ ಮುಳ್ಳಿನ ಮೇಲಿಂದ ಕಣ್ಣು ತೆಗೆಯದವರು ನಾವು. ಅಂಥ ನಾವು, ಕೂಲಿ ಕೊಡುವ ಸ್ಥಾನದಲ್ಲಿ ನಿಂತ ಕೂಡಲೇ, ಯಾರ ಕೈಗೆ ಎಷ್ಟು ಹೋಗುತ್ತದೆಂದು ಕೇಳುವುದನ್ನೇ ಮರೆತೆವು. ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆಂದು ಯಾಕೋಬನ ಪತ್ರಿಕೆಯಲ್ಲಿ ಎಷ್ಟೋ ಸಲ ಓದಿಸಿ ಕೇಳಿದ್ದೇವೆ. ಆ ಕೂಗು ನಮ್ಮ ಬಾಗಿಲಿಗೂ ಬರಬಹುದೆಂದು ನೆನಸಿರಲಿಲ್ಲ.

ನಮ್ಮ ಅಜ್ಜ ಅಜ್ಜಿಯರು ಮೈಸೂರು ಸೀಮೆಯಿಂದ ಈ ಬೆಟ್ಟಗಳಿಗೆ ಬಂದದ್ದು ಮೇಸ್ತ್ರಿಯ ಹಿಂದೆ. ಮೇಸ್ತ್ರಿ ಕೊಟ್ಟ ಮುಂಗಡವೇ ಅವರ ಕಾಲಿನ ಹಗ್ಗ. ಮುಂಗಡ ತೀರುವ ತನಕ ತೋಟ ಬಿಡುವಂತಿರಲಿಲ್ಲ. ಈಗ ಗಾರೆ ಮೇಸ್ತ್ರಿಗೆ ಮುಂಗಡ ಕೊಡುವವರು ನಾವು. ಅಂದು ಮುಂಗಡ ತೆಗೆದುಕೊಂಡವರು ಸಿಕ್ಕಿಬಿದ್ದರು. ಇಂದು ಮುಂಗಡ ಕೊಟ್ಟವರು ಸಿಕ್ಕಿಬೀಳುತ್ತಿದ್ದೇವೆ. ಎರಡು ಕಾಲದಲ್ಲೂ ಇಲ್ಲದಿದ್ದದ್ದು ಒಂದೇ: ಎರಡು ಕಡೆಯವರೂ ಓದಿ ಒಪ್ಪಿದ ಲೆಕ್ಕ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕಬೇಕೆಂಬ ಸಾಮ್ಯ ಲೂಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿದೆ. ನಾವು ಕಟ್ಟುವುದು ಗೋಪುರವಲ್ಲ, ಬೇಲಿ. ಆದರೂ ಕೂತು ಲೆಕ್ಕ ಹಾಕಲೇಬೇಕು. ನಷ್ಟಪಟ್ಟು ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇವೆ.

ಮೊದಲನೆಯದು, ಜಾಗ. ಕಂಟ್ರಾಕ್ಟರನ್ನು ಕರೆಯುವ ಮುಂಚೆ ನಿಮ್ಮ ಗಡಿ ಯಾವುದೆಂದು ನಿಮಗೆ ಗೊತ್ತಿರಬೇಕು. ತಮಿಳುನಾಡಿನ ಕಡೆ ಪಟ್ಟಾ ಮತ್ತು ಸರ್ವೆ ನಕ್ಷೆ, ಕೇರಳದ ಕಡೆ ಆಧಾರ ಪತ್ರ ಮತ್ತು ವಿಲೇಜ್ ಆಫೀಸಿನ ತೆರಿಗೆ ರಸೀದಿ, ಇವನ್ನು ತೆಗೆದು ನೋಡಿರಿ. ಗೂಡಲೂರಿನ ಕಡೆ ಜನ್ಮಂ ಭೂಮಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. 1969ರಲ್ಲಿ ಜನ್ಮಂ ರದ್ದತಿ ಕಾಯಿದೆ ಬಂದರೂ ಇತ್ಯರ್ಥವಾಗದ ಜಾಗಗಳು ಇನ್ನೂ ಇವೆ. ಅಂಥಲ್ಲಿ ಕಂಬ ನೆಟ್ಟ ಮಾತ್ರಕ್ಕೆ ಜಾಗ ನಮ್ಮದಾಗುವುದಿಲ್ಲ. ಕಂಬದ ಹಣವೂ ಹೋದೀತು. ಸರ್ವೆಯವರು ಅಳೆಯುವ ದಿನ ನೆರೆಯವರನ್ನೂ ಕರೆದು ನಿಲ್ಲಿಸಿಕೊಳ್ಳಿರಿ. ಕಾಲುದಾರಿಯನ್ನೂ ನೀರಿನ ತೋಡನ್ನೂ ಬೇಲಿಯೊಳಕ್ಕೆ ಎಳೆದುಕೊಳ್ಳಬೇಡಿರಿ. ಹಂದಿ, ಆನೆ ಬರುತ್ತವೆಂದು ಮನೆಯ ಕರೆಂಟನ್ನು ತಂತಿಗೆ ಕೊಡುವುದು ಅಪರಾಧ. ಅದು ಮೃಗವನ್ನೂ ಕೊಲ್ಲುತ್ತದೆ, ಕತ್ತಲಲ್ಲಿ ಬಂದ ನೆರೆಮನೆಯ ಹುಡುಗನನ್ನೂ ಕೊಲ್ಲುತ್ತದೆ. ಯಾವ ಕಂಟ್ರಾಕ್ಟರು ಹೇಳಿದರೂ ಇದಕ್ಕೆ ಒಪ್ಪಬಾರದು.

ಇಳಿಜಾರಿನ ಮಾತು ಇನ್ನೊಂದಿದೆ. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್ಮಲದಲ್ಲಿ ನಡೆದದ್ದನ್ನು ತೋಟದ ಜನಕ್ಕೆ ನಾವು ಹೇಳಬೇಕಾಗಿಲ್ಲ. ಬೆಟ್ಟವೇ ಇಳಿದು ಬಂದರೆ ತಡೆಯುವ ಗೋಡೆಯಿಲ್ಲ. ಆದರೆ ಮನೆಯ ಹಿಂದಿನ ದಿಣ್ಣೆಯನ್ನು ನೆಟ್ಟಗೆ ಕಡಿದು, ನೀರಿನ ದಾರಿಯನ್ನು ಕಾಂಕ್ರೀಟಿನಿಂದ ಮುಚ್ಚುವುದು ನಮ್ಮ ಕೈಯಾರೆ ತಂದುಕೊಳ್ಳುವ ಅಪಾಯ. ತಡೆಗೋಡೆ ಕಟ್ಟಿಸಿದರೆ ಅದರಲ್ಲಿ ನೀರು ಹೊರಬರಲು ತೂತುಗಳನ್ನು ಬಿಡಿಸಲೇಬೇಕು. ಇಲ್ಲವಾದರೆ ಹಿಂದೆ ನಿಂತ ನೀರೇ ಗೋಡೆಯನ್ನು ತಳ್ಳುತ್ತದೆ.

ಎರಡನೆಯದು, ಅಳತೆ. ಒಂದು ಮೂಟೆ ಸಿಮೆಂಟು 50 ಕಿಲೋ. ಅಳತೆಯಲ್ಲಿ ಒಂದೂಕಾಲು ಘನ ಅಡಿ, ಅಂದರೆ ಸುಮಾರು 35 ಲೀಟರು. ನೆಲಕ್ಕೆ ಸಾಮಾನ್ಯವಾಗಿ ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ. ಒಳಗಡೆ 40 ಸೆಂಟಿಮೀಟರು ಉದ್ದ, 35 ಅಗಲ, 25 ಎತ್ತರದ ಒಂದು ಮರದ ಪೆಟ್ಟಿಗೆ ಮಾಡಿಸಿದರೆ ಅದು ಸರಿಯಾಗಿ ಒಂದು ಮೂಟೆಯ ಅಳತೆ. ಒಂದು ಮೂಟೆಗೆ ಎರಡು ಪೆಟ್ಟಿಗೆ ಮರಳು, ನಾಲ್ಕು ಪೆಟ್ಟಿಗೆ ಜಲ್ಲಿ. ಓದು ಬಾರದವರೂ ನಿಂತು ಎಣಿಸಬಹುದು.

ಹತ್ತು ಅಡಿಗೆ ಹತ್ತು ಅಡಿಯ ಕೋಣೆಗೆ ನಾಲ್ಕು ಇಂಚು ದಪ್ಪ ಕಾಂಕ್ರೀಟು ಹಾಕಿದರೆ 33 ಘನ ಅಡಿಯಾಗುತ್ತದೆ. ಕಲಸಿ ಕುಟ್ಟಿದಾಗ ಮಾಲು ಕುಗ್ಗುವುದರಿಂದ ಒಣ ಮಾಲು ಅದರ ಒಂದೂವರೆ ಪಾಲಿಗಿಂತ ಸ್ವಲ್ಪ ಹೆಚ್ಚು, ಸುಮಾರು 51 ಘನ ಅಡಿ ಬೇಕು. ಅಂದರೆ ಸಿಮೆಂಟು ಹತ್ತಿರ ಹತ್ತಿರ ಆರು ಮೂಟೆ, ಮರಳು 15 ಘನ ಅಡಿ, ಜಲ್ಲಿ 30 ಘನ ಅಡಿ. ಈ ಕೋಣೆಗೆ ಮೂರೇ ಮೂಟೆ ಸಾಕು ಎಂದವರನ್ನೂ ಹತ್ತು ಮೂಟೆ ಬೇಕು ಎಂದವರನ್ನೂ ಕೂರಿಸಿ ಲೆಕ್ಕ ಕೇಳಿರಿ.

ಒದ್ದೆ ಸೊಪ್ಪಿಗೆ ತೂಕ ಕಡಿಯುವುದು ನಮಗೆ ಗೊತ್ತು. ಮರಳಿನದು ಬೇರೆ ರೀತಿ. ತೇವದ ಮರಳು ಉಬ್ಬುತ್ತದೆ; ಒಣಗಿದ್ದಾಗ ನಾಲ್ಕು ಪೆಟ್ಟಿಗೆಯಾಗುವುದು ತೇವದಲ್ಲಿ ಐದು ಪೆಟ್ಟಿಗೆಯಂತೆ ಕಾಣಬಹುದು. ಆದಕಾರಣ ಮರಳನ್ನು ಟಾರ್ಪಾಲಿನಿಂದ ಮುಚ್ಚಿಡಬೇಕು. ಮಣ್ಣು ಎಷ್ಟಿದೆಯೆಂದು ನೋಡಲು, ಒಂದು ಗಾಜಿನ ಬಾಟಲಿಗೆ ಅರ್ಧ ಮರಳು, ಮೇಲೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಮೂರು ತಾಸು ಇಡಿರಿ. ಮರಳಿನ ಮೇಲೆ ಕೂತ ಕೆಸರಿನ ಪದರ ಮರಳಿನ ಹನ್ನೆರಡರಲ್ಲಿ ಒಂದು ಪಾಲಿಗಿಂತ ದಪ್ಪವಿದ್ದರೆ ಆ ಮರಳು ಬೇಡ.

ಸಿಮೆಂಟು ಮೂಟೆಯ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ನಮ್ಮ ಬೆಟ್ಟದ ತೇವದಲ್ಲಿ ಮೂರು ತಿಂಗಳು ಮೀರಿದ ಸಿಮೆಂಟು ಸತ್ವ ಕಳೆದುಕೊಂಡಿರುತ್ತದೆ, ಗಂಟುಕಟ್ಟಿದ್ದನ್ನು ತೆಗೆದುಕೊಳ್ಳಲೇಬೇಡಿರಿ. ನೀರು ಒಂದು ಮೂಟೆಗೆ 25ರಿಂದ 28 ಲೀಟರು ಸಾಕು; ಮರಳು ತೇವವಿದ್ದರೆ ಇನ್ನೂ ಕಡಿಮೆ. ನೀರು ಹೆಚ್ಚಾದರೆ ಕೆಲಸ ಸುಲಭ, ನೆಲ ದುರ್ಬಲ. ನೀರು ಹಾಕಿ ಕಲಸಿದ ಮಾಲನ್ನು ಅರ್ಧ ಗಂಟೆಯೊಳಗೆ ಸುರಿದು ಕುಟ್ಟಬೇಕು. ಊಟ ಮಾಡಿ ಬಂದು ಮತ್ತೆ ನೀರು ಹಾಕಿ ಕಲಸಬಾರದು.

ಆಮೇಲೆ ನೀರುಣಿಸುವುದು. ಕಾಂಕ್ರೀಟು ಬಿಸಿಲಿಗೆ ಒಣಗಿ ಗಟ್ಟಿಯಾಗುವುದಲ್ಲ, ನೀರು ಕುಡಿದು ಗಟ್ಟಿಯಾಗುವುದು. ಈಗ ಅಂಗಡಿಯಲ್ಲಿ ಸಿಗುವ ಬೂದಿ ಬೆರೆಸಿದ ಸಿಮೆಂಟಿಗೆ ಕಡಿಮೆಯೆಂದರೆ ಹತ್ತು ದಿನ ನೆಲ ಒದ್ದೆಯಾಗಿರಬೇಕು. ಗೋಣಿಚೀಲ ಹಾಸಿ ನೆನೆಸಿಡಿರಿ. ಕಂಟ್ರಾಕ್ಟರ ಆಳು ಇದಕ್ಕಾಗಿ ಹತ್ತು ದಿನ ಬರುವುದಿಲ್ಲ. ಇದು ಮನೆಯವರ ಕೆಲಸವೆಂದು ಮೊದಲೇ ಒಪ್ಪಿಕೊಂಡರೆ ಜಗಳವಿಲ್ಲ. ನಮ್ಮ ಕಡೆ ಜೂನ್ ತಿಂಗಳ ಮಳೆಯಲ್ಲಿ ಕೆಲಸ ಕೆಡುತ್ತದೆ, ಮಾರ್ಚ್ ತಿಂಗಳಲ್ಲಿ ಬಾವಿಯಲ್ಲಿ ನೀರಿರುವುದಿಲ್ಲ. ಕ್ರಿಸ್ಮಸ್ ಕಳೆದ ಮೇಲೆ ಜನವರಿ, ಫೆಬ್ರವರಿ ತಿಂಗಳು ಒಳ್ಳೆಯ ಕಾಲ.

ಮೂರನೆಯದು, ಬೇಲಿ. 40 ಅಡಿಗೆ 56 ಅಡಿಯ ಜಾಗ ಐದು ಸೆಂಟಿಗೆ ಸ್ವಲ್ಪ ಹೆಚ್ಚು. ಅದರ ಸುತ್ತಳತೆ 192 ಅಡಿ. ಎಂಟು ಅಡಿಗೆ ಒಂದರಂತೆ 24 ಕಂಬ. ನಾಲ್ಕು ಮೂಲೆಯಲ್ಲೂ ಎರಡೆರಡು ಊರೆಗಂಬ, ಒಟ್ಟು ಎಂಟು. ತಂತಿ ಎಳೆದು ಬಿಗಿಯುವಾಗ ಪೂರಾ ಭಾರ ಬೀಳುವುದು ಮೂಲೆಕಂಬದ ಮೇಲೆ; ಊರೆ ಇಲ್ಲದಿದ್ದರೆ ಅದು ವಾಲಿ, ಉಳಿದವುಗಳನ್ನೂ ವಾಲಿಸುತ್ತದೆ. ನಾಲ್ಕು ಎಳೆ ತಂತಿಗೆ 768 ಅಡಿ; ಸುತ್ತಿ ಕಟ್ಟುವುದಕ್ಕೆ ಸ್ವಲ್ಪ ಹೆಚ್ಚು ಇರಲಿ. ಆರೂವರೆ ಅಡಿಯ ಕಂಬವಾದರೆ ಎರಡು ಅಡಿ ನೆಲದೊಳಗಿರಬೇಕು. ಗುಣಿ ತೋಡಿದ ದಿನ ಕೋಲು ಇಳಿಸಿ ಅಳೆಯಿರಿ. ಕಂಬ ನಿಂತ ಮೇಲೆ ಆಳ ಯಾರಿಗೂ ಕಾಣುವುದಿಲ್ಲ. ಎರಕ ಹೊಯ್ದು ನಾಲ್ಕು ವಾರ ಆಗದ ಕಂಬಕ್ಕೆ ತಂತಿ ಬಿಗಿಯಗೊಡಬೇಡಿರಿ.

ನಾಲ್ಕನೆಯದು, ಕಾಗದ. ಒಂದು ಹಾಳೆ ಸಾಕು. ನಮಗೂ ಕಂಟ್ರಾಕ್ಟರಿಗೂ ತಿಳಿಯುವ ಭಾಷೆಯಲ್ಲಿರಲಿ. ಕೆಲಸದ ಉದ್ದ, ಅಗಲ, ದಪ್ಪ, ಕಂಬ ಎಷ್ಟು, ಗುಣಿ ಎಷ್ಟು ಆಳ, ಮಾಲಿನ ಪಾಲು, ಸಾಮಾನು ತರುವವರು ಯಾರು, ಶುರುವಾಗುವ ದಿನ, ಮುಗಿಯುವ ದಿನ, ಮಳೆ ಬಂದರೆ ಎಷ್ಟು ದಿನ ಬಿಡುವು, ಯಾರಿಗಾದರೂ ಏಟಾದರೆ ಆಸ್ಪತ್ರೆಯ ಖರ್ಚು ಯಾರದು. ಇಬ್ಬರ ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿ. ಒಂದು ಪ್ರತಿ ಅವರಿಗೆ, ಒಂದು ನಮಗೆ.

ಹಣದ ವಿಷಯದಲ್ಲಿ ನಾವು ಹೇಳುವುದು ಹೀಗೆ: ಆದಷ್ಟು ಮಟ್ಟಿಗೆ ಸಿಮೆಂಟು, ಜಲ್ಲಿ, ತಂತಿಯನ್ನು ನೀವೇ ಅಂಗಡಿಯಿಂದ ರಸೀದಿ ಸಹಿತ ತಂದುಕೊಡಿರಿ, ಕಂಟ್ರಾಕ್ಟರಿಗೆ ಕೂಲಿಯ ಗುತ್ತಿಗೆ ಮಾತ್ರ ಇರಲಿ. ಆ ಕೂಲಿಯನ್ನು ಕೆಲಸ ನಡೆದಂತೆ ಕೊಡಿರಿ. ಗುಣಿ ತೋಡಿ ಅಳೆದ ಮೇಲೆ ಒಂದು ಪಾಲು, ಕಂಬ ನಿಂತ ಮೇಲೆ ಒಂದು ಪಾಲು, ಕಾಂಕ್ರೀಟು ಮುಗಿದ ಮೇಲೆ ಒಂದು ಪಾಲು. ಹತ್ತರಲ್ಲಿ ಒಂದು ಪಾಲನ್ನು ಒಂದು ಮಳೆ ಕಳೆಯುವ ತನಕ ಹಿಡಿದಿಡುವುದೆಂದು ಮೊದಲೇ ಬರೆದುಕೊಳ್ಳಿರಿ. ಆದರೆ ಮಳೆ ಕಳೆದು ಕೆಲಸ ಸರಿಯಾಗಿ ನಿಂತಿದ್ದರೆ, ಅವರು ಎರಡನೆಯ ಸಲ ಕೇಳಲು ಬರುವಂತಾಗಬಾರದು.

ಐದನೆಯದು, ಆಳುಗಳು. ಯಾರು ಕೆಲಸಕ್ಕೆ ಬಂದರು, ಎಷ್ಟು ದಿನ ಬಂದರು, ಇದನ್ನು ನೀವೂ ಒಂದು ಪುಸ್ತಕದಲ್ಲಿ ಗುರುತು ಹಾಕಿರಿ. ಆಳುಗಳ ಕೂಲಿ ಸಂದಾಯವಾಗದೆ ಕಂಟ್ರಾಕ್ಟರಿಗೆ ಮುಂದಿನ ಪಾಲಿಲ್ಲ ಎಂಬ ಮಾತು ಕಾಗದದಲ್ಲಿರಲಿ. ಗಂಡಸಿನಷ್ಟೇ ಕೆಲಸ ಮಾಡುವ ಹೆಂಗಸಿಗೆ ಅಷ್ಟೇ ಕೂಲಿ ಎಂಬ ಕಾಯಿದೆ 1976ರಲ್ಲೇ ಬಂತು. ಅದನ್ನು ತೋಟದ ಆಡಳಿತದಿಂದ ಕೇಳುವ ನಾವು ನಮ್ಮ ಅಂಗಳದಲ್ಲೂ ನಡೆಸಬೇಡವೇ? ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬಾಂಡ್ಲಿ ಹೊರಿಸಬಾರದು. ಹಸಿ ಸಿಮೆಂಟು ಕೈಕಾಲಿನ ಚರ್ಮವನ್ನು ಸುಡುತ್ತದೆ. ಬರಿಗಾಲಿನಲ್ಲಿ ಕಲಸಲು ಬಿಡದೆ ಬೂಟು ಕೊಡಿಸಿರಿ, ತೊಳೆಯಲು ನೀರಿಡಿರಿ. ತಮಿಳುನಾಡಿನಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ 1994ರಿಂದ ಇದೆ. ಬಂದ ಆಳಿಗೆ ಅದರ ಕಾರ್ಡು ಇದೆಯೇ ಎಂದು ಕೇಳಿರಿ. ಇಲ್ಲದಿದ್ದರೆ ಮಾಡಿಸಿಕೊಳ್ಳಲು ಹೇಳಿರಿ.

ಇನ್ನು ನಮ್ಮ ಕಂಟ್ರಾಕ್ಟರ ವಿಷಯ. ಅವರ ಮೇಲೆ ಪೊಲೀಸಿಗೆ ಹೋಗಬೇಕೆಂದು ನಮ್ಮಲ್ಲಿ ಕೆಲವರು ಹೇಳಿದರು. ಮೊದಲು ಹಿರಿಯರೊಬ್ಬರ ಮನೆಯಲ್ಲಿ ಎಲ್ಲರೂ ಕೂತೆವು. ಆ ಇಬ್ಬರು ಹೆಂಗಸರನ್ನೂ ಕರೆದೆವು. ಅವರ ಮುಂದೆ ಕಂಟ್ರಾಕ್ಟರು ತಲೆ ತಗ್ಗಿಸಿದರು. ಹಿಂದಿನ ಮನೆಯವರು ಅವರಿಗೆ ಹಣ ಉಳಿಸಿಕೊಂಡಿದ್ದರಂತೆ. ನಮ್ಮ ಮುಂಗಡವೆಲ್ಲಾ ಸಿಮೆಂಟು ಅಂಗಡಿಯ ಹಳೇ ಸಾಲಕ್ಕೆ ಹೋಗಿತ್ತು. ಇದು ತಪ್ಪಿಗೆ ನೆಪವಲ್ಲ, ಆದರೆ ನಡೆದದ್ದು ಹಾಗೆ. ನಾವೂ ನಮ್ಮ ತಪ್ಪನ್ನು ಹೇಳಿಕೊಂಡೆವು: ಕೇಳಲಿಲ್ಲ, ಅಳೆಯಲಿಲ್ಲ, ಬರೆಯಲಿಲ್ಲ.

ಅಂದೇ ಮೊದಲು ಆ ಹೆಂಗಸರ ಆರು ದಿನದ ಕೂಲಿಯನ್ನು ನಾವೇ ಎಣಿಸಿ ಕೊಟ್ಟು, ಅದನ್ನು ಕಂಟ್ರಾಕ್ಟರ ಲೆಕ್ಕದಲ್ಲಿ ಕಡಿದೆವು. ಆಮೇಲೆ ಕಾಗದ ಬರೆದೆವು. ಕಂಬಗಳನ್ನು ಎರಡು ಅಡಿ ಗುಣಿಯಲ್ಲಿ ಮತ್ತೆ ನಿಲ್ಲಿಸುವ ಕೂಲಿ ಅವರದು, ಸಿಮೆಂಟು ನಮ್ಮದು. ಜನವರಿಯಲ್ಲಿ ಬಂದರು, ಮಾಡಿಕೊಟ್ಟರು. ಒಂದು ಮನೆಯ ನೆಲವನ್ನು ಒಡೆದು ಹೊಸದಾಗಿ ಹಾಕಿದರು. ಉಳಿದ ಎರಡು ಮನೆಗಳ ನೆಲ ಈಗಲೂ ಪುಡಿಯುದುರುತ್ತಿದೆ. ಹೋದ ಹಣವೆಲ್ಲಾ ಬಂತೆಂದು ಹೇಳಲಾರೆವು. ಆದರೆ ಆ ಬೇಲಿ ಆಮೇಲಿನ ಮಳೆಗೆ ನೆಟ್ಟಗೆ ನಿಂತಿತು. ಜಲ್ಲಿ ಹೊತ್ತ ಆ ತಾಯಿ ದಾರಿಯಲ್ಲಿ ಸಿಕ್ಕಿದರೆ ನಾವು ಮುಖ ತಿರುಗಿಸಬೇಕಾಗಿಲ್ಲ.

ಸಹೋದರ ಸಹೋದರಿಯರೇ, ನಿಮ್ಮಲ್ಲಿ ಈ ವರ್ಷ ಕೆಲಸದಿಂದ ನಿಲ್ಲುವವರಿದ್ದೀರಿ. ಗ್ರಾಚ್ಯುಯಿಟಿ ಹಣ ಕೈಗೆ ಬಂದ ವಾರವೇ ಬಾಗಿಲಿಗೆ ಕಂಟ್ರಾಕ್ಟರೂ ಬರುತ್ತಾರೆ. ಅವರು ಕೆಟ್ಟವರೆಂದು ನಾವು ಹೇಳುವುದಿಲ್ಲ. ಅವರಿಗೆ ಒಂದು ಲೋಟ ಚಹಾ ಕೊಡಿರಿ, ಅಳತೆ ತೋರಿಸಿರಿ, ಆದರೆ ಅಂದೇ ಹಣ ಕೊಡಬೇಡಿರಿ. ಮುಂದಿನ ಕೂಟಕ್ಕೆ ಅವರನ್ನೂ ಕರೆದುಕೊಂಡು, ಒಂದು ಬಿಳಿ ಹಾಳೆ ತೆಗೆದುಕೊಂಡು ಬನ್ನಿರಿ. ಬರೆಯಬಲ್ಲ ಹುಡುಗ ಹುಡುಗಿಯರು ನಮ್ಮಲ್ಲಿದ್ದಾರೆ. ಎಲ್ಲರೂ ಕೂತು ಬರೆಯೋಣ. ಅಳತೆಯ ಪೆಟ್ಟಿಗೆ ಒಂದನ್ನು ನಾವು ಮಾಡಿಸಿ ಕೂಟದ ಕೋಣೆಯಲ್ಲಿ ಇಟ್ಟಿದ್ದೇವೆ. ಬೇಕಾದವರು ತೆಗೆದುಕೊಂಡು ಹೋಗಿ, ಕೆಲಸ ಮುಗಿದ ಮೇಲೆ ತೊಳೆದು ತಂದಿಡಿರಿ.